ಅಜ್ಜಿಯ ಕ್ವಾರ್ಟರ್ಸ್

ನಮ್ಮ ಮನೆಯ ಮುಂಬಾಗಿಲಿನ ಚೌಕಟ್ಟಿನಲ್ಲಿ, ಕರೆಗಂಟೆಯ ಗುಂಡಿಗಿಂತ ಒಂದು ಗೇಣು ಮೇಲೆ, ‘ಬೇಡಿ’ ಎಂಬ ಎರಡು ಅಕ್ಷರಗಳಿದ್ದವು. ಬೆಂಕಿಪೊಟ್ಟಣದಷ್ಟು ಅಗಲದ ಕಾಗದದ ತುಣುಕು. ಒಂದು ಕಾಲಕ್ಕೆ ಕೆಂಪಗಿದ್ದದ್ದು ಒಣಗಿದ ಟೊಮೆಟೊ ಸಿಪ್ಪೆಯ ಬಣ್ಣಕ್ಕೆ ತಿರುಗಿತ್ತು. ಉಳಿದ ವಾಕ್ಯವನ್ನು ಬಿಸಿಲು, ಎರಚಲು ಮಳೆ ಮತ್ತು ಬಾಗಿಲು ತೆರೆಯುವ ತನಕ ಸುಮ್ಮನೆ ನಿಲ್ಲಲಾರದವರ ಉಗುರುಗಳು ತಿಂದುಹಾಕಿದ್ದವು. ಪೂರ್ತಿ ಇದ್ದಾಗ ಅದು ಹೀಗಿತ್ತು: ‘ಈ ಮನೆ ಕ್ವಾರಂಟೈನ್‌ನಲ್ಲಿದೆ. ದಯವಿಟ್ಟು ಭೇಟಿ ನೀಡಬೇಡಿ.’

ಕನ್ನಡದಲ್ಲಿ ‘ಬೇಡಿ’ಗೆ ಮೂರು ಅರ್ಥ. ಮಾಡಬೇಡಿ, ಬರಬೇಡಿ ಎನ್ನುವಾಗಿನ ನಿಷೇಧ ಒಂದು. ಕೈಗೆ ತೊಡಿಸುವ ಕೋಳ ಇನ್ನೊಂದು. ಮೂರನೆಯದು, ಕೇಳಿಕೊಳ್ಳಿ, ಬೇಡಿಕೊಳ್ಳಿ ಎಂಬ ಸೂಚನೆ. ಬೀಗ ತೆಗೆಯುವಾಗ ಆಯಾ ದಿನದ ಮನಸ್ಸಿಗೆ ತಕ್ಕ ಅರ್ಥವನ್ನು ನಾನು ಓದಿಕೊಳ್ಳುತ್ತಿದ್ದೆ. ನಾಲ್ಕನೆಯದನ್ನು ಕಂಡುಹಿಡಿದವನು ಒಬ್ಬ ಕೊರಿಯರ್ ಹುಡುಗ. ಪಾರ್ಸೆಲ್ ಕೈಗಿಟ್ಟು, “ಬೇಡಿ ಮೇಡಂ ನೀವೇನಾ?” ಎಂದು ಕೇಳಿದ. ಅದು ನಮ್ಮ ಮನೆತನದ ಹೆಸರು, ನಾವು ಪಂಜಾಬಿಗಳು ಎಂದುಕೊಂಡಿದ್ದ. ನಾನು ಹೌದೆಂದುಬಿಟ್ಟೆ. ವಿವರಿಸುವುದಕ್ಕಿಂತ ಪಂಜಾಬಿಯಾಗುವುದು ಸುಲಭ ಅನ್ನಿಸಿತು.

ಆ ತುಣುಕನ್ನು ಏಕೆ ಕಿತ್ತುಹಾಕಲಿಲ್ಲವೆಂದು ನೀವು ಕೇಳಬಹುದು. ಅಮ್ಮ ನನ್ನ ಸೋಮಾರಿತನವೆನ್ನುತ್ತಿದ್ದಳು. ನಿಜ ಹೇಳಬೇಕೆಂದರೆ ನನಗೆ ಅದು ಇಷ್ಟವಿತ್ತು. ಊರಿಗೆ ಊರೇ ಮನೆಯೊಳಗೆ ಕೂತು ಒದ್ದಾಡುತ್ತಿದ್ದಾಗ, ಯಾರ ಮನೆಯ ನಾಮಕರಣಕ್ಕೂ ಹೋಗಬೇಕಿಲ್ಲ, ಯಾರೂ ಬಂದು “ಏನಮ್ಮಾ, ಮದುವೆ ಊಟ ಯಾವಾಗ?” ಎಂದು ಕೇಳುವುದಿಲ್ಲ ಎಂದು ಒಳಗೊಳಗೇ ಹಾಯಾಗಿದ್ದ ಕೆಲವರಲ್ಲಿ ನಾನೂ ಒಬ್ಬಳು. ಆಮೇಲೆ ಊರು ತೆರೆಯಿತು. ನಾನು ಮಾತ್ರ ಅರ್ಧ ತೆರೆದೆ. ದೊಮ್ಮಲೂರು ಫ್ಲೈಓವರಿನ ಪಕ್ಕದಲ್ಲೇ ನಮ್ಮ ಆಫೀಸು, ನಡೆದರೆ ಕಾಫಿ ಆರುವಷ್ಟು ದೂರ. ಆದರೂ ಮನೆಯಿಂದಲೇ ಕೆಲಸ. ಇಂಗ್ಲಿಷಿನಿಂದ ಕನ್ನಡಕ್ಕೆ ಬಂದ ಸೂಚನೆಗಳು ಕನ್ನಡದಂತೆ ಇವೆಯೇ ಎಂದು ನೋಡುವುದು ನನ್ನ ಉದ್ಯೋಗ. ಮಿಕ್ಸಿ, ಕೆಮ್ಮಿನ ಔಷಧಿ, ಮಕ್ಕಳ ತಳ್ಳುಗಾಡಿ ಎಲ್ಲವೂ ನನ್ನ ಮೇಜಿನ ಮೇಲೆ ಹಾದುಹೋಗುತ್ತವೆ.

ಹೋದ ತಿಂಗಳು ಬಂದದ್ದು ಕಂಪ್ಯೂಟರಿಗೆ ವೈರಸ್ ತಗುಲದಂತೆ ಕಾಯುವ ಒಂದು ತಂತ್ರಾಂಶ. ಅನುಮಾನ ಬಂದ ಫೈಲನ್ನು ಅದು ಪ್ರತ್ಯೇಕ ಜಾಗದಲ್ಲಿ ಕೂಡಿಹಾಕಿ ‘ಕ್ವಾರಂಟೈನ್’ ಮಾಡಿದೆ ಎನ್ನುತ್ತದೆ. ಅನುವಾದಕರು ‘ದಿಗ್ಬಂಧನ’ ಎಂದು ಬರೆದಿದ್ದರು. ದಿಗ್ಬಂಧನವೆಂದರೆ ಮಂತ್ರವಾದಿಗಳು ನಿಂಬೆಹಣ್ಣು ಹಿಡಿದು ನಾಲ್ಕೂ ದಿಕ್ಕುಗಳನ್ನು ಕಟ್ಟುವುದು. ಒಂದು ಬಡ ಫೈಲಿಗೆ ಅಷ್ಟೆಲ್ಲ ಬೇಕೆ ಎನ್ನಿಸಿ, ಮೂಲ ಪದದ ಅರ್ಥವೇನೆಂದು ನಿಘಂಟು ತೆರೆದೆ.

ಅರ್ಥ ಏನೂ ಇರಲಿಲ್ಲ. ಒಂದು ಸಂಖ್ಯೆ ಇತ್ತು, ಅಷ್ಟೆ. ನಲವತ್ತು. ಹಿಂದೆ ವೆನಿಸ್ ನಗರಕ್ಕೆ ಪ್ಲೇಗಿನ ಊರುಗಳಿಂದ ಹಡಗು ಬಂದರೆ, ಅದು ದಡ ಮುಟ್ಟುವ ಮೊದಲು ನಲವತ್ತು ದಿನ ದೂರದಲ್ಲಿ ಲಂಗರು ಹಾಕಿ ನಿಲ್ಲಬೇಕಿತ್ತಂತೆ. ಅಲ್ಲಿಯ ಮಾತಿನಲ್ಲಿ ನಲವತ್ತಕ್ಕೆ ‘ಕ್ವಾರಾಂತಾ’. ರೋಗ, ಭಯ, ಪ್ರತ್ಯೇಕತೆ ಯಾವುದೂ ಆ ಪದದೊಳಗಿಲ್ಲ. ದಿನ ಎಣಿಸುವುದಷ್ಟೇ ಇದೆ. ಇನ್ನೂ ಒಂದು ಹೆಜ್ಜೆ ಹಿಂದೆ ಹೋದರೆ ನಮ್ಮಲ್ಲಿ ನಾಲ್ಕರಿಂದ ನಲವತ್ತು ಹುಟ್ಟಿದಂತೆ ಅಲ್ಲಿಯೂ ನಾಲ್ಕರಿಂದಲೇ ನಲವತ್ತು ಹುಟ್ಟಿದೆ. ಅದೇ ನಾಲ್ಕರ ಇನ್ನೊಂದು ಕವಲಿನಲ್ಲಿ, ಕಾಲುಭಾಗವೆಂಬ ಅರ್ಥದ ಕ್ವಾರ್ಟರ್ ಇದೆ. ಅದರ ಬೆನ್ನಿಗೇ ಕ್ವಾರ್ಟರ್ಸ್ ಇದೆ.

ಇದನ್ನು ಓದಿ ನಾನು ಒಬ್ಬಳೇ ನಕ್ಕೆ. ಕಾರಣ ಅಜ್ಜಿ.

ಅಜ್ಜಿ ಎಂದರೆ ಅಪ್ಪನ ತಾಯಿ, ಸರಸ್ವತಮ್ಮ. ಕ್ವಾರಂಟೈನ್ ಎಂಬ ಮಾತು ಊರಿಗೆ ಹೊಸದಾಗಿ ಬಂದ ದಿನಗಳಲ್ಲಿ ಅಪ್ಪನ ಕಾರ್ಖಾನೆಯಲ್ಲಿ ಯಾರಿಗೋ ಸೋಂಕು ತಗುಲಿ, ಅವರ ವಿಭಾಗದವರನ್ನೆಲ್ಲ ಒಂದು ಹಾಸ್ಟೆಲಿಗೆ ಕರೆದೊಯ್ದರು. ಅಪ್ಪ ಅಲ್ಲಿಂದ ಫೋನ್ ಮಾಡಿ, “ಅಮ್ಮಾ, ಕ್ವಾರಂಟೈನ್ ಮಾಡಿದಾರೆ” ಎಂದರು. ಅಜ್ಜಿಗೆ ಕೇಳಿಸಿದ್ದೇ ಬೇರೆ.

“ಕ್ವಾರ್ಟರ್ಸ್ ಕೊಟ್ರಾ? ಒಳ್ಳೇದಾಯ್ತು ಬಿಡಪ್ಪ. ಕೆಳಗಿನ ಮನೇನೋ ಮಹಡಿ ಮನೇನೋ? ಮೊದಲು ನಲ್ಲಿ ತಿರುಗಿಸಿ ನೀರು ಬರುತ್ತಾ ನೋಡು.”

ಅಷ್ಟರಲ್ಲಿ ಲೈನು ಕಡಿಯಿತು. ಅಜ್ಜಿ ತಕ್ಷಣ ಶಿವಾಜಿನಗರಕ್ಕೆ ಫೋನ್ ಮಾಡಿ ತನ್ನ ಗೆಳತಿ ಜೈಬುನ್ನೀಸಾಗೆ ಹೇಳಿದಳು: “ಜೈಬು, ನಮ್ ರಾಜೂಗೆ ತಿರ್ಗಾ ಕ್ವಾರ್ಟರ್ಸ್ ಸಿಕ್ತು ಕಣೇ. ಮನೆ ಸೇರೋ ದಿವಸ ಹಾಲು ಉಕ್ಕಿಸೋಕೆ ನೀನೂ ಬರ್ಬೇಕು.”

ಅಜ್ಜಿಯ ಸಂತೋಷಕ್ಕೆ ಕಾರಣವಿತ್ತು. ತಾತ, ಅಪ್ಪ ಇಬ್ಬರೂ ಒಂದೇ ಕಾರ್ಖಾನೆಯವರು. ಬೈಯಪ್ಪನಹಳ್ಳಿಯ ಆಚೆ ಇದ್ದ ಅದರ ಕ್ವಾರ್ಟರ್ಸಿನಲ್ಲಿ ಅಜ್ಜಿ ಸೊಸೆಯಾಗಿ ಬಂದು ಅತ್ತೆಯಾಗಿ ಹೊರಟವಳು. ನಾನು ಹೈಸ್ಕೂಲಿಗೆ ಬರುವ ತನಕ ನಾವು ಅಲ್ಲೇ ಇದ್ದೆವು. ಪಕ್ಕದ ಮನೆ ಜೈಬುನ್ನೀಸಾರದ್ದು. ಎರಡು ಹಿತ್ತಲುಗಳ ನಡುವಿನ ಗೋಡೆಯಲ್ಲಿ ಒಂದು ಇಟ್ಟಿಗೆ ಬಿದ್ದುಹೋಗಿತ್ತು. ರಿಪೇರಿಗೆಂದು ಬಂದವರನ್ನೆಲ್ಲ ಈ ಇಬ್ಬರು ಹೆಂಗಸರು ಕಾಫಿ ಕೊಟ್ಟು ವಾಪಸು ಕಳಿಸುತ್ತಿದ್ದರು. ಆ ಕಿಂಡಿಯಲ್ಲಿ ಈ ಕಡೆಯಿಂದ ಹುಳಿ ಹೋಗುತ್ತಿತ್ತು, ಆ ಕಡೆಯಿಂದ ಶಾವಿಗೆ ಬರುತ್ತಿತ್ತು. ಎರಡೂ ಕಡೆಯಿಂದ ಅತ್ತೆಯರ ಮೇಲಿನ ದೂರುಗಳು ಹೋಗಿಬರುತ್ತಿದ್ದವು.

ಎರಡನೇ ಕ್ಲಾಸಿನಲ್ಲಿದ್ದಾಗ ನನ್ನ ಮೈತುಂಬ ಗುಳ್ಳೆ ಎದ್ದವು. “ಅಮ್ಮ ಬಂದಿದಾಳೆ” ಎಂದು ಅಜ್ಜಿ ಕೈಮುಗಿದಳು. “ಅಮ್ಮ ಆಫೀಸಿಗೆ ಹೋಗಿದಾಳಲ್ಲ?” ಎಂದು ನಾನು ಕೇಳಿದ್ದು ಕ್ವಾರ್ಟರ್ಸಿನಲ್ಲಿ ಬಹಳ ದಿನ ಓಡಾಡಿತು. ಇನ್ಶೂರೆನ್ಸ್ ಆಫೀಸಿನಲ್ಲಿ ಗುಮಾಸ್ತೆಯಾಗಿದ್ದ ನನ್ನ ತಾಯಿಗೂ ಮೈಮೇಲೆ ಬರುವ ಈ ಅಮ್ಮನಿಗೂ ವ್ಯತ್ಯಾಸ ತಿಳಿಯುವ ಹೊತ್ತಿಗೆ ಬಾಗಿಲಿಗೆ ಬೇವಿನ ಸೊಪ್ಪು ಏರಿತ್ತು. ಅದನ್ನು ಕಂಡರೆ ಹಾಲಿನವನೂ ಹೊರಗೇ ನಿಲ್ಲುತ್ತಿದ್ದ. ನನ್ನನ್ನು ಹಿತ್ತಲಿನ ಕೋಣೆಯಲ್ಲಿ ಬಿಳಿ ಪಂಚೆಯ ಮೇಲೆ ಮಲಗಿಸಿದ್ದರು. ಮಧ್ಯಾಹ್ನಗಳಲ್ಲಿ ಇಟ್ಟಿಗೆ ಬಿದ್ದ ಕಿಂಡಿಯಿಂದ ಜೈಬಜ್ಜಿಯ ದನಿ ಬರುತ್ತಿತ್ತು: “ಖುಜಾನಾ ನಕ್ಕೋ ಮಾ. ಕೆರ್ಕೊಂಡ್ರೆ ಮೂತಿ ಮೇಲೆ ಚುಕ್ಕೆ ಬೀಳ್ತದೆ, ಆಮೇಲೆ ನಿಂಗೆ ರಾಜ ಸಿಗಲ್ಲ, ಮಂತ್ರಿ ಸಿಗ್ತಾನೆ.” ಮಂತ್ರಿಯಾದರೂ ಅಡ್ಡಿಯಿಲ್ಲವೆಂದು ನಾನು ಕೆರೆದುಕೊಂಡೆ. ಎಡಗೆನ್ನೆಯ ಮೇಲಿನ ಚುಕ್ಕೆ ಈಗಲೂ ಇದೆ. ಮಂತ್ರಿ ಇನ್ನೂ ಬಂದಿಲ್ಲ.

ಗುಳ್ಳೆ ಬಾಡಿದ ಮೇಲೆ ಬೇವು ಅರಿಶಿನ ಹಾಕಿದ ನೀರು ಹೊಯ್ದರು. ಮೂರನೆಯ ಸಲದ ನೀರಾದ ಕೂಡಲೇ ಅಜ್ಜಿ ಸ್ಟೂಲ್ ಹತ್ತಿ ಬಾಗಿಲಿನ ಸೊಪ್ಪನ್ನು ತಾನೇ ಬಿಚ್ಚಿದಳು. ಅಮ್ಮ ಸಹಾಯಕ್ಕೆ ಹೋದರೆ, “ಕಟ್ಟಿದೋರೇ ಬಿಚ್ಬೇಕು” ಎಂದು ಕೈ ತಳ್ಳಿದಳು. ಸೊಪ್ಪು ಇಳಿಯಿತೋ ಇಲ್ಲವೋ, ಶಾವಿಗೆ ಪಾಯಸದ ಬಟ್ಟಲು ಹಿಡಿದು ಜೈಬಜ್ಜಿ ಮುಂಬಾಗಿಲಿನಿಂದಲೇ ಒಳಗೆ ಬಂದರು.

ಕ್ವಾರ್ಟರ್ಸ್ ಖಾಲಿ ಮಾಡಿದ ಮೇಲೆ ನಾವು ದೊಮ್ಮಲೂರಿನ ಈ ಮೊದಲ ಮಹಡಿಗೆ ಬಂದೆವು, ಅವರು ಶಿವಾಜಿನಗರದಲ್ಲಿ ಮಗನ ಮನೆಗೆ ಹೋದರು. ಕಿಂಡಿಯ ಕೆಲಸವನ್ನು ಫೋನು ವಹಿಸಿಕೊಂಡಿತು. ತಿಂಗಳಿಗೊಮ್ಮೆಯಾದರೂ ಅಜ್ಜಿ ಆಟೋ ಹತ್ತಿ ಹೋಗಿಬರುತ್ತಿದ್ದಳು. ಕಾರ್ಪೊರೇಷನ್ನಿನವನು ಬಂದು ಆ ಕಾಗದವನ್ನು ಬಾಗಿಲಿಗೆ ಅಂಟಿಸುವ ತನಕ.

ಅಪ್ಪ ಹಾಸ್ಟೆಲಿನಿಂದ ಕ್ಷೇಮವಾಗಿ ಬಂದರು. ಮರುವರ್ಷದ ಅಲೆಯಲ್ಲಿ ಅಜ್ಜಿಗೇ ಸೋಂಕಾಯಿತು. ಬೆರಳಿಗೆ ಹಾಕುವ ಆಕ್ಸಿಮೀಟರಿನಲ್ಲಿ ಸಂಖ್ಯೆ ಎಂಬತ್ತರ ಕೆಳಗೆ ಇಳಿಯುವುದನ್ನು ಅಪ್ಪ ನೋಡಿದರು. ಯಾವ ಆಸ್ಪತ್ರೆಯಲ್ಲೂ ಹಾಸಿಗೆ ಇರಲಿಲ್ಲ. ಎಲ್ಲಿಂದಲೋ ಒಂದು ಆಕ್ಸಿಜನ್ ಸಿಲಿಂಡರ್ ತಂದು, ಅಜ್ಜಿಯ ಮಂಚದ ಪಕ್ಕ ನೆಲದ ಮೇಲೆ ಕೂತರು. ಅಜ್ಜಿ ಎದ್ದಳು. ಅಪ್ಪ ಒಂದು ರೀತಿಯಲ್ಲಿ ಅಲ್ಲೇ ಕೂತುಬಿಟ್ಟರು. ಅಂದಿನಿಂದ ಪ್ರತಿ ಬೆಳಿಗ್ಗೆ ಕಾಫಿಗೆ ಮುಂಚೆ ಅಜ್ಜಿಯ ಬೆರಳಿಗೆ ಆ ಕ್ಲಿಪ್ಪು. “ತೊಂಬತ್ತಾರು ಕಣೋ ರಾಜು. ನಿಂಗೆ ಎಸ್ಸೆಲ್ಸೀಲೂ ಇಷ್ಟು ಬಂದಿರ್ಲಿಲ್ಲ” ಎಂದು ಅಜ್ಜಿ ಅಣಕಿಸುತ್ತಾಳೆ. ಅಪ್ಪ ನಗುವುದಿಲ್ಲ. ಮೊದಮೊದಲು, ಇನ್ನೊಂದು ತಿಂಗಳು ಹೊರಗೆ ಬೇಡ ಎಂದರು. ಆಮೇಲೆ ಚಳಿ ಕಳೀಲಿ ಎಂದರು. ಆಮೇಲೆ ರಸ್ತೆಯ ಧೂಳು. ಕಡೆಗೆ ಕಾರಣ ಹೇಳುವುದನ್ನೂ ಬಿಟ್ಟರು. ಊರಿನಲ್ಲಿ ಮಾಸ್ಕುಗಳು ಮಾಯವಾದವು, ಮದುವೆ ಛತ್ರಗಳು ತುಂಬಿದವು. ಅಜ್ಜಿ ಮಾತ್ರ ಬಾಲ್ಕನಿಯಿಂದ ಆಚೆ ಹೋಗಲಿಲ್ಲ. ಯಾರಾದರೂ ಫೋನಿನಲ್ಲಿ ಕೇಳಿದರೆ, “ನಾನಾ? ಕ್ವಾರ್ಟರ್ಸಲ್ಲೇ ಇದೀನಿ” ಎನ್ನುತ್ತಿದ್ದಳು. ಆ ಹೊತ್ತಿಗೆ ಅವಳಿಗೆ ಸರಿಯಾದ ಪದ ಚೆನ್ನಾಗಿಯೇ ಗೊತ್ತಿತ್ತು.

ನನಗೂ ಈ ವ್ಯವಸ್ಥೆ ಒಗ್ಗಿತ್ತು. ಎಲ್ಲಿಗಾದರೂ ಕರೆದರೆ “ಅಜ್ಜಿ ಒಬ್ಬರೇ ಆಗ್ತಾರೆ” ಎನ್ನುವುದು ನನ್ನ ಸಿದ್ಧ ಉತ್ತರ.

ನಾನು ನಲವತ್ತರ ವಿಷಯ ಓದಿ ನಕ್ಕ ದಿನ ಸಂಜೆಯೇ ಜೈಬಜ್ಜಿಯ ಫೋನ್ ಬಂತು. ಅಜ್ಜಿಯ ಕಿವಿಗಾಗಿ ಫೋನನ್ನು ಸ್ಪೀಕರಿಗೆ ಹಾಕುವುದರಿಂದ ಮನೆಗೆಲ್ಲ ಕೇಳುತ್ತದೆ.

“ಸರಸಕ್ಕಾ, ನಾಡಿದ್ದು ಸಬೀಹಾದು ಚಿಲ್ಲಾ. ಬರ್ತೀಯಾ ಇಲ್ವಾ?”

ಸಬೀಹಾ ಜೈಬಜ್ಜಿಯ ಮೊಮ್ಮಗಳು, ನನ್ನ ಓರಗೆಯವಳು. ಅವಳಿಗೆ ಹೆಣ್ಣು ಮಗು ಆಗಿತ್ತು.

“ಆಗ್ಲೇ ಚಿಲ್ಲಾನಾ?” ಎಂದಳು ಅಜ್ಜಿ. “ನಿಮ್ಮೋರದ್ದು ಬೇಗ ಮುಗಿಯುತ್ತೆ ಕಣೇ. ನಮ್ಮತ್ತೆ ನನ್ನ ಐದು ತಿಂಗಳು ಕಿವಿಗೆ ಬಟ್ಟೆ ಕಟ್ಟಿ ಕೂರಿಸಿದ್ರು.”

“ಆಮೇಲೆ ಬಿಟ್ರಲ್ಲಾ? ಸಬೀಹಾ ನಲವತ್ತು ದಿನ ಒಳಗಿದ್ಲು, ನಾಡಿದ್ದು ನೀರು ಹಾಕ್ಕೊಂಡು ಹೊರಗೆ ಬರ್ತಾಳೆ. ನೀನು ಎಷ್ಟು ವರ್ಷದ ಬಾಣಂತಿ ಮಾ? ಯಾವ ಮಗು ಹೆತ್ತಿದ್ದಿ?”

ಅಜ್ಜಿ ನಗಲು ಹೋದಳು, ನಗು ಬರಲಿಲ್ಲ. “ರಾಜೂನ ಕೇಳಿ ಹೇಳ್ತೀನಿ” ಎಂದು ಫೋನಿಟ್ಟಳು. ಐವತ್ತು ವರ್ಷ ಮನೆ ನಡೆಸಿದವಳು ಶಿವಾಜಿನಗರಕ್ಕೆ ಹೋಗಲು ಮಗನ ಅಪ್ಪಣೆ ಕಾಯುವಂತಾದದ್ದು ಯಾವಾಗ? ಅದೇ ಮನೆಯೊಳಗಿದ್ದ ನನಗೂ ಅದು ಕಂಡಿರಲಿಲ್ಲ.

ಚಿಲ್ಲಾ ಎಂಬ ಮಾತು ನನ್ನ ತಲೆಯಲ್ಲಿ ಸುತ್ತುತ್ತಿತ್ತು. ಪಾರಸಿಯಲ್ಲಿ ‘ಚಿಹಲ್’ ಎಂದರೆ ನಲವತ್ತು. ಅದರಿಂದ ಚಿಲ್ಲಾ. ವೆನಿಸಿನ ಬಂದರಿನಲ್ಲಿ ನಿಂತ ಹಡಗು, ಶಿವಾಜಿನಗರದ ಗಲ್ಲಿಯ ಬಾಣಂತಿ, ಇಬ್ಬರಿಗೂ ಒಂದೇ ಲೆಕ್ಕ.

ರಾತ್ರಿ ಊಟಕ್ಕೆ ಕೂತಾಗ ಅಜ್ಜಿ ಕೇಳಿದಳು. ಅಪ್ಪ ತಟ್ಟೆಯಿಂದ ತಲೆ ಎತ್ತದೆ, “ಅಲ್ಲಿ ಜನ ಎಷ್ಟು ಇರ್ತಾರಮ್ಮಾ? ಒಬ್ಬರಿಗೆ ಕೆಮ್ಮಿದ್ರೂ ಸಾಕು. ವಿಡಿಯೋ ಕಾಲ್ ಮಾಡಿಸ್ತೀನಿ, ಮಗೂನ ನೋಡೀರಂತೆ” ಎಂದರು.

“ನಾಲ್ಕು ಜನ ಕೇಳಿದ್ರೆ ಏನಂತಾರೆ ರೀ?” ಎಂದಳು ಅಮ್ಮ. “ಅತ್ತೇನ ಕೂಡಿಹಾಕಿದಾರೆ ಅನ್ನಲ್ವಾ?”

“ಆ ನಾಲ್ಕು ಜನ ಆವತ್ತು ಸಿಲಿಂಡರ್ ತಂದುಕೊಟ್ರಾ?”

ಅಪ್ಪನ ಎದುರು ವಾದಿಸುವ ಅಭ್ಯಾಸ ನನಗಿಲ್ಲ. ಯಾರ ಎದುರೂ ಇಲ್ಲ. ಅದರ ಮೇಲೆ ಆ ಹೊತ್ತಿಗೆ ನನ್ನ ಬಳಿ ಇದ್ದದ್ದು ಒಂದು ಪದದ ವ್ಯುತ್ಪತ್ತಿ ಮಾತ್ರ. ಅದನ್ನೇ ಹೇಳಿದೆ. ಹಡಗು, ಬಂದರು, ನಲವತ್ತು ದಿನ.

“ಅದಕ್ಕೂ ಇದಕ್ಕೂ ಏನಮ್ಮಾ ಸಂಬಂಧ?” ಎಂದರು ಅಪ್ಪ.

“ಆ ಪದದಲ್ಲಿ ಇರೋದು ಲೆಕ್ಕ ಒಂದೇ ಅಪ್ಪಾ. ಎಣಿಸ್ತಾರೆ ಅಂದ್ರೆ ಮುಗಿಯುತ್ತೆ ಅಂತ. ನಲವತ್ತಾದ ಮೇಲೆ ಹಡಗನ್ನ ದಡಕ್ಕೆ ಬಿಡಲೇಬೇಕು. ಎಣಿಸೋದು ಬಿಟ್ಟುಬಿಟ್ರೆ ಅದು ಕ್ವಾರಂಟೈನ್ ಅಲ್ಲ.”

“ಮತ್ತೇನು?”

ಸೆರೆ ಎಂಬ ಪದ ನನ್ನ ಬಾಯಿಗೆ ಬರುತ್ತಿತ್ತು, ಆದರೆ ಅಪ್ಪನ ಮುಖ ನೋಡಿ ಹೇಳಲಾಗಲಿಲ್ಲ. ಅಜ್ಜಿ ಮಜ್ಜಿಗೆ ಕಲಸುತ್ತ ಹೇಳಿದಳು:

“ಕ್ವಾರ್ಟರ್ಸ್ ಕಣೋ. ಅದನ್ನೂ ರಿಟೈರಾದ್ಮೇಲೆ ಖಾಲಿ ಮಾಡಿಸ್ತಾರೆ. ಇದನ್ನ ಯಾರೂ ಖಾಲಿ ಮಾಡಿಸ್ತಾನೇ ಇಲ್ಲ.”

ಅಮ್ಮನಿಗೆ ನಗು ತಡೆಯಲಾಗಲಿಲ್ಲ. ಅಪ್ಪ ಬಹಳ ಹೊತ್ತು ಅನ್ನವನ್ನು ಒಂದು ಕಡೆಗೆ ಸರಿಸಿದರು, ಇನ್ನೊಂದು ಕಡೆಗೆ ಸರಿಸಿದರು. ಕೈತೊಳೆದು ಬಂದು, ನನ್ನನ್ನು ನೋಡಿ, “ಕ್ಲಿಪ್ಪು ಬ್ಯಾಗಲ್ಲಿಟ್ಕೋ. ಮೆಟ್ಟಿಲು ಹತ್ತಿದ ಮೇಲೆ ಹಾಕಿ ನೋಡು. ನೋಡಿ ನಂಗೆ ಮೆಸೇಜ್ ಮಾಡು” ಎಂದರು. ಹೂಂ ಎನ್ನುವುದು ಅವರ ಭಾಷೆಯಲ್ಲಿ ಹೀಗೆ.

ಚಿಲ್ಲಾದ ದಿನ ಹೊಸ ತೊಂದರೆ ಎದ್ದಿತು. ಅಜ್ಜಿಯ ಹೊರಗಿನ ಚಪ್ಪಲಿ ಶೂ ಸ್ಟ್ಯಾಂಡಿನ ಹಿಂದೆ ಎಷ್ಟೋ ವರ್ಷದಿಂದ ಕೂತಿತ್ತು. ಕಾಲಿಟ್ಟ ಕೂಡಲೇ ಅಟ್ಟೆ ರಸ್ಕಿನ ಹಾಗೆ ಪುಡಿಯಾಯಿತು. ಅಜ್ಜಿ ಆ ಪುಡಿಯನ್ನು ನೋಡುತ್ತ ನಿಂತಳು. ಅಪ್ಪ ಮನಸ್ಸು ಬದಲಿಸುವ ಮೊದಲು ನನ್ನ ಸ್ಯಾಂಡಲ್ ಅವಳ ಕಾಲಿಗೆ ತೊಡಿಸಿದೆ. ನೀಲಿ ಪಟ್ಟಿಯ, ಟ್ರೆಕ್ಕಿಂಗ್‌ಗೆಂದು ಕೊಂಡು ಎಲ್ಲಿಗೂ ಹೋಗದ ಸ್ಯಾಂಡಲ್. ಅಂಚಿನ ಸೀರೆಯ ಕೆಳಗೆ ಅದು ಪೊಲೀಸರ ಬೂಟಿನಂತೆ ಕಾಣುತ್ತಿತ್ತು. ನಾನು ಬಚ್ಚಲಿನ ಹವಾಯಿ ಮೆಟ್ಟಿಕೊಂಡೆ.

ಆಟೋ ಹಲಸೂರು ಕೆರೆ ದಾಟುವಾಗ ಅಜ್ಜಿ ಮಾಸ್ಕನ್ನು ಗದ್ದಕ್ಕಿಳಿಸಿ ಗಾಳಿ ಕುಡಿದಳು. “ಇಲ್ಲೊಂದು ಹುಣಸೆ ಮರ ಇತ್ತಲ್ಲಪ್ಪಾ?” ಎಂದು ಡ್ರೈವರನ್ನು ಕೇಳಿದಳು. “ಅದು ಹೋಗಿ ಎಷ್ಟೋ ದಿನ ಆಯ್ತು ಪಾಟಿ. ನೀವು ಫಾರಿನ್ನಾ?” ಎಂದ ಆ ತಮಿಳಿನವನು. “ಹೂಂ, ಈಗ ತಾನೇ ಹಡಗು ಇಳಿದೆ” ಎಂದಳು ಅಜ್ಜಿ, ನನ್ನ ಕಡೆ ನೋಡದೆ.

ಶಿವಾಜಿನಗರದಲ್ಲಿ ಮಾರ್ಕೆಟ್ಟಿನ ಹಿಂದಿನ ಗಲ್ಲಿಗೆ ಆಟೋ ಹೋಗುವುದಿಲ್ಲ. ಗಲ್ಲಿಯ ಬಾಯಲ್ಲೇ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಜೈಬಜ್ಜಿ ಕೂತಿದ್ದರು. ಇಬ್ಬರೂ ಅಳುತ್ತಾರೆಂದು ನಾನು ಕರವಸ್ತ್ರ ತೆಗೆದಿಟ್ಟುಕೊಂಡಿದ್ದೆ. ಅವರು ಅಜ್ಜಿಯ ಪಾದ ನೋಡಿದರು.

“ಇದೇನು ಮಾ, ಮಿಲಿಟರಿಗೆ ಸೇರಿದ್ಯಾ?”

“ನೀನ್ಯಾಕೆ ಬೀದೀಲಿ ಕೂತಿದ್ದಿ? ಮನೇಲಿ ಜಾಗ ಇಲ್ವಾ?”

ಹೀಗೆ ಬೈದುಕೊಳ್ಳುತ್ತ, ಒಬ್ಬರ ಕೈಯನ್ನು ಒಬ್ಬರು ಬಿಡದೆ ಮೆಟ್ಟಿಲು ಹತ್ತಿದರು. ನಾನು ಅಪ್ಪನ ಆಣತಿಯಂತೆ ಕ್ಲಿಪ್ಪು ತೆಗೆದೆ. ಜೈಬಜ್ಜಿ ತಮಗೂ ಹಾಕಬೇಕೆಂದು ಬೆರಳು ಚಾಚಿದರು. ಅವರಿಗೆ ತೊಂಬತ್ತೈದು, ಅಜ್ಜಿಗೆ ತೊಂಬತ್ತಾರು. “ಯಾವಾಗ್ಲೂ ಒಂದು ಮಾರ್ಕು ಜಾಸ್ತಿ ನಿಂದು” ಎಂದು ಅವರು ಮುಖ ತಿರುಗಿಸಿದರು. ಅಪ್ಪನಿಗೆ ಕಳಿಸುವಾಗ ನಾನು ಎರಡೂ ಅಂಕಗಳನ್ನು ಬರೆದೆ.

ಸಬೀಹಾ ತಲೆಗೆ ಸ್ನಾನ ಮಾಡಿ, ಹಸಿರು ಸಲ್ವಾರ್ ತೊಟ್ಟು, ಕೂದಲು ಒಣಗಿಸಿಕೊಳ್ಳುತ್ತ ಕಿಟಕಿಯ ಹತ್ತಿರ ನಿಂತಿದ್ದಳು. “ಮೊದಲು ಒಂದು ಐಸ್‌ಕ್ರೀಮ್ ತಿಂತೀನಿ, ಆಮೇಲೆ ಮಿಕ್ಕಿದ್ದು” ಎಂದು ನನ್ನ ಕಿವಿಯಲ್ಲಿ ಹೇಳಿದಳು. ಮಗುವನ್ನು ಅಜ್ಜಿಯ ತೊಡೆಯ ಮೇಲಿಟ್ಟರು. ಅಜ್ಜಿ ತಕ್ಷಣ ಅದರ ಮೂಗಿನ ನೇರ ಸರಿಯಿಲ್ಲವೆಂದು ಬೆರಳಿಗೆ ಎಣ್ಣೆ ಬೇಕೆಂದು ಕೂಗಿದಳು. ಒಪ್ಪಿಗೆಯಾದ ಮಗುವಿಗೆ ಮಾತ್ರ ಅವಳು ಹೀಗೆ ಮೂಗು ತಿದ್ದುವುದು.

ಹೊರಡುವಾಗ ಜೈಬಜ್ಜಿ, “ಶುಕ್ರವಾರ ಮಗೂನ ಕರ್ಕೊಂಡು ನಾವೇ ನಿನ್ನ ಮನೆಗೆ ಬರ್ತೀವಿ” ಎಂದರು.

“ಹೆಂಗೆ ಬರ್ತೀಯಾ? ಬಾಗಿಲ ಮೇಲೆ ಕಾಗದ ಇನ್ನೂ ಇದೆಯಲ್ಲ. ಬರಬೇಡಿ ಅಂತ.”

“ಯಾರೂ ಕೀಳಲಿಲ್ವಾ?”

“ಅಂಟಿಸಿದೋರು ಬಂದು ಕೀಳ್ಬೇಕಲ್ವಾ? ಕಟ್ಟಿದೋರೇ ಬಿಚ್ಚೋದು.”

ಅಜ್ಜಿ ಇದನ್ನು ತಮಾಷೆಗೆ ಹೇಳಿದಳೋ ನಿಜಕ್ಕೂ ಅಷ್ಟು ವರ್ಷ ಕಾರ್ಪೊರೇಷನ್ನಿನವನಿಗಾಗಿ ಕಾದಿದ್ದಳೋ ನನಗೆ ಇಂದಿಗೂ ತಿಳಿಯದು. ಜೈಬಜ್ಜಿ ಮಾತ್ರ ನನ್ನನ್ನೇ ನೋಡಿದರು. ನನ್ನ ಕೆನ್ನೆಯ ಚುಕ್ಕೆಯನ್ನೂ ನೋಡಿದರು ಅನ್ನಿಸಿತು.

“ಕಟ್ಟಿದೋರು ಬರ್ಲಿಲ್ಲ ಅಂದ್ರೆ ಮನೆಯೋರು ಬಿಚ್ಬೇಕು ಮಾ. ಸೊಪ್ಪು ಒಣಗಿ ಉದುರೋ ತನಕ ಯಾರಾದ್ರೂ ಕಾಯ್ತಾರಾ?”

ಮರುದಿನ ಬೆಳಿಗ್ಗೆ ಅಪ್ಪನ ದನಿಗೆ ಎಚ್ಚರವಾಯಿತು. ಕ್ಲಿಪ್ಪು ಹಿಡಿದು, “ಅಮ್ಮ ಎಲ್ಲಿ? ಅಮ್ಮ ಎಲ್ಲಿ?” ಎಂದು ಕೋಣೆಯಿಂದ ಕೋಣೆಗೆ ಓಡಾಡುತ್ತಿದ್ದರು. ಶೂ ಸ್ಟ್ಯಾಂಡಿನಲ್ಲಿ ನನ್ನ ಸ್ಯಾಂಡಲ್ ಇರಲಿಲ್ಲ. ಬಾಲ್ಕನಿಗೆ ಕರೆದೊಯ್ದು ಕೆಳಗೆ ತೋರಿಸಿದೆ. ಗೇಟಿನ ಹತ್ತಿರ ಅಜ್ಜಿ ಸೊಪ್ಪಿನವಳ ಬುಟ್ಟಿಯ ಮುಂದೆ ಬಗ್ಗಿ, ಒಂದು ಕಟ್ಟು ದಂಟಿನ ಸೊಪ್ಪನ್ನು ಅಲುಗಾಡಿಸುತ್ತ ಏನೋ ಜಗಳವಾಡುತ್ತಿದ್ದಳು. ಅಪ್ಪ ಕಟಕಟೆ ಹಿಡಿದು ನೋಡಿದರು. ಇಳಿದುಹೋಗುತ್ತಾರೆಂದುಕೊಂಡೆ. ಹೋಗಲಿಲ್ಲ. ಕ್ಲಿಪ್ಪನ್ನು ಅಂಗಿಯ ಜೇಬಿಗೆ ಹಾಕಿಕೊಂಡರು.

ನಾನು ಅಡುಗೆಮನೆಯಿಂದ ಕೊಬ್ಬರಿ ಎಣ್ಣೆಯ ಬಟ್ಟಲು ತಂದು, ಬರಿಗಾಲಲ್ಲಿ ಬಾಗಿಲ ಹೊರಗೆ ನಿಂತು, ಕಾಗದದ ಮೇಲೆ ಎಣ್ಣೆ ಸವರಿ ಉಗುರು ಹಾಕಿದೆ. ‘ಡಿ’ ಸುಲಭವಾಗಿ ಬಂತು. ‘ಬೇ’ ಜಪ್ಪಯ್ಯ ಅನ್ನಲಿಲ್ಲ. ಹಿಂದಿನಿಂದ ಅಪ್ಪನ ಕೈ ಬಂತು, ಅದರಲ್ಲಿ ಕಾರ್ಖಾನೆಯ ಕಾಲದ ಸ್ಟೀಲ್ ಸ್ಕೇಲು.

“ಉಗುರಲ್ಲಿ ಆಗಲ್ಲ. ಇದರ ಅಂಚಲ್ಲಿ ನಿಧಾನಕ್ಕೆ ತಳ್ಳು” ಎಂದರು.

ತಳ್ಳಿದೆ.